ಒಂದು ಗ್ರಾಂ ಚಂದಿರ

1978ರ ಮೇ ತಿಂಗಳಲ್ಲಿ ಬೀಜಿಂಗ್‌ಗೆ ಬಂದ ಅಮೆರಿಕದ ರಾಷ್ಟ್ರೀಯ ಭದ್ರತಾ ಸಲಹೆಗಾರ ಬ್ರೆಜಿನ್‌ಸ್ಕಿ ಬರಿಗೈಲಿ ಬಂದಿರಲಿಲ್ಲ. ಚಂದ್ರನ ಕಲ್ಲಿನ ಒಂದು ಚೂರು ತಂದಿದ್ದರು. ಪಾರದರ್ಶಕ ಹೊದಿಕೆಯೊಳಗೆ ದೊಡ್ಡದಾಗಿ ಕಾಣುತ್ತಿದ್ದ ಅದನ್ನು ಹೊರತೆಗೆದಾಗ ಇದ್ದದ್ದು ಕಡಲೆಕಾಳಿನಷ್ಟು. ತೂಕ ಒಂದು ಗ್ರಾಂ.

ಅಪೋಲೊ ಯಾತ್ರಿಗಳು ಚಂದ್ರನಿಂದ ಹೊತ್ತು ತಂದದ್ದು 382 ಕಿಲೊ. ಅದರಲ್ಲಿ ಚೀನಾದ ಪಾಲಿಗೆ ಬಂದದ್ದು ಇಷ್ಟೇ. ಆದರೆ ಆ ಕಾಳು ಬಿದ್ದ ನೆಲ ಬಂಜರಾಗಿರಲಿಲ್ಲ.

ಆ ನೆಲ ಹದ ಮಾಡಿದವರಲ್ಲಿ ಮುಖ್ಯರು ಚಿಯಾನ್ ಶ್ವೆಸೆನ್. ಕ್ಯಾಲಿಫೋರ್ನಿಯಾದ ಕ್ಯಾಲ್‌ಟೆಕ್‌ನಲ್ಲಿ ಥಿಯೊಡೋರ್ ಫಾನ್ ಕಾರ್ಮನ್ ಅವರ ಶಿಷ್ಯರಾಗಿ ರಾಕೆಟ್ ವಿದ್ಯೆಯಲ್ಲಿ ಹೆಸರು ಮಾಡಿದ್ದವರು. 1950ರಲ್ಲಿ ಕಮ್ಯುನಿಸ್ಟರ ನಂಟಿದೆಯೆಂಬ ಶಂಕೆ ಅವರ ಮೇಲೆ ಬಿತ್ತು. ಐದು ವರ್ಷ ಕಣ್ಗಾವಲಿನಲ್ಲಿ ಕಳೆದು, 1955ರಲ್ಲಿ ಹಡಗು ಹತ್ತಿ ತಾಯ್ನಾಡಿಗೆ ಮರಳಿದರು. ಚೀನಾದ ಕ್ಷಿಪಣಿ, ರಾಕೆಟ್ ಕಾರ್ಯಕ್ರಮಗಳಿಗೆ ಅಡಿಪಾಯ ಹಾಕಿದವರು ಅವರೇ. 1970ರ ಏಪ್ರಿಲ್ 24ರಂದು 173 ಕಿಲೊ ತೂಕದ ಮೊದಲ ಉಪಗ್ರಹ ‘ದೊಂಗ್‌ಫಾಂಗ್‌ಹೊಂಗ್’ ಕಕ್ಷೆ ಸೇರಿತು.

ಕಾಣಿಕೆಯಾಗಿ ಬಂದ ಕಲ್ಲು ಭೂರಸಾಯನ ವಿಜ್ಞಾನಿ ಓಯಾಂಗ್ ಜಿಯುವಾನ್ ಅವರ ಕೈಸೇರಿತು. ಅರ್ಧ ಗ್ರಾಂ ಸಂಶೋಧನೆಗೆ, ಇನ್ನರ್ಧ ಬೀಜಿಂಗ್ ತಾರಾಲಯದಲ್ಲಿ ಜನರ ಕಣ್ಣಿಗೆ. ಕಲ್ಲು ಯಾವ ಯಾತ್ರೆಯದೆಂದು ಯಾರೂ ಹೇಳಿರಲಿಲ್ಲ. ಅಪೋಲೊ 17 ತಂದದ್ದೆಂದು ಅವರ ತಂಡವೇ ಪರೀಕ್ಷಿಸಿ ಕಂಡುಕೊಂಡಿತು. ಚೀನಾ ಚಂದ್ರಯಾನಕ್ಕೆ ಕೈಹಾಕಿದಾಗ ಅದರ ಮೊದಲ ಮುಖ್ಯ ವಿಜ್ಞಾನಿಯಾದವರೂ ಓಯಾಂಗ್ ಅವರೇ.

ಮಧ್ಯೆ ಒಂದು ಒಳ್ಳೆಯ ಕಾಲ ಬಂದಿತ್ತು. 1979ರ ಜನವರಿ 1ರಂದು ಎರಡು ದೇಶಗಳ ರಾಜತಾಂತ್ರಿಕ ಸಂಬಂಧ ಕುದುರಿತು. ತಿಂಗಳು ಮುಗಿಯುವಷ್ಟರಲ್ಲಿ ಡೆಂಗ್ ಶಿಯಾವೊಪಿಂಗ್ ವಾಷಿಂಗ್ಟನ್‌ನಲ್ಲಿ ವಿಜ್ಞಾನ–ತಂತ್ರಜ್ಞಾನ ಒಪ್ಪಂದಕ್ಕೆ ಸಹಿ ಹಾಕಿದರು. ಆದರೆ ಬಾಹ್ಯಾಕಾಶದ ಮಟ್ಟಿಗೆ ಬಾಗಿಲು ಮತ್ತೆ ಮುಚ್ಚಿತು. ಅಮೆರಿಕದ ಸಂಸತ್ತು ಅನುಮತಿಸದ ಹೊರತು ನಾಸಾ ತನ್ನ ಹಣದಲ್ಲಿ ಚೀನಾದ ಜೊತೆ ನೇರವಾಗಿ ಕೈಜೋಡಿಸುವಂತಿಲ್ಲ ಎಂದಿತು 2011ರ ‘ವುಲ್ಫ್ ತಿದ್ದುಪಡಿ’. 2008ರಲ್ಲಿ ನಮ್ಮ ಚಂದ್ರಯಾನ-1 ನಾಸಾದ ಎರಡು ಉಪಕರಣಗಳನ್ನು ಹೊತ್ತು ಹೋಗಿತ್ತು. ಅಂಥ ಒಡನಾಟ ಚೀನಾಕ್ಕೆ ದಕ್ಕಲಿಲ್ಲ.

ಚೀನಾ ನಿಲ್ಲಲಿಲ್ಲ. ತಮ್ಮ ಕತೆಗಳಲ್ಲಿ ಚಂದ್ರನಲ್ಲಿ ನೆಲೆಸಿದ ದೇವತೆ ಚಾಂಗ್‌ಎ ಹೆಸರಿನ ನೌಕೆಗಳನ್ನು ಒಂದಾದ ಮೇಲೊಂದು ಕಳುಹಿಸಿತು. 2019ರ ಜನವರಿ 3ರಂದು ಚಾಂಗ್‌ಎ-4 ಚಂದ್ರನ ಆಚೆ ಮುಖದಲ್ಲಿ ಇಳಿಯಿತು. ಅಲ್ಲಿ ಅದುವರೆಗೆ ಯಾರೂ ಇಳಿದಿರಲಿಲ್ಲ. ಇಳಿದ ಕುಳಿಯ ಹೆಸರು ಫಾನ್ ಕಾರ್ಮನ್; ಚಿಯಾನ್ ಅವರ ಗುರುವಿನದೇ.

2020ರ ಡಿಸೆಂಬರ್‌ನಲ್ಲಿ ಚಾಂಗ್‌ಎ-5 ತಂದದ್ದು 1,731 ಗ್ರಾಂ. ಅಪೋಲೊ ಕಲ್ಲುಗಳು ಬಹುಪಾಲು 300 ಕೋಟಿ ವರ್ಷಕ್ಕಿಂತ ಹಳೆಯವು. ಇವು ಸುಮಾರು 200 ಕೋಟಿ ವರ್ಷದವು. ಚಂದ್ರನ ಒಡಲು ಅಷ್ಟು ತಡವಾಗಿಯೂ ಕಾದು ಲಾವಾ ಉಕ್ಕಿಸುತ್ತಿದ್ದುದು ಹೇಗೆ? ಈ ಪ್ರಶ್ನೆಗೆ ಉತ್ತರ ಬೇಕಿದ್ದರೆ ಎಲ್ಲರೂ ಈ ಕಲ್ಲುಗಳ ಬಳಿಗೇ ಬರಬೇಕಿತ್ತು. ಫ್ರಾನ್ಸ್, ರಷ್ಯಾಗಳಿಗೆ ತಲಾ 1.5 ಗ್ರಾಂ ಉಡುಗೊರೆ ಹೋಯಿತು. ತನ್ನ ನೆರವು ಪಡೆವ ಸಂಶೋಧಕರು ಚೀನಾಕ್ಕೆ ಅರ್ಜಿ ಹಾಕಬಹುದೆಂದು 2023ರಲ್ಲಿ ನಾಸಾ ಒಪ್ಪಿತು. ಮರುವರ್ಷ ಚಾಂಗ್‌ಎ-6 ಆಚೆ ಮುಖದಿಂದಲೇ 1,935.3 ಗ್ರಾಂ ತಂದಿತು. 2025ರ ಏಪ್ರಿಲ್‌ನಲ್ಲಿ ಚೀನಾ ಆರು ದೇಶಗಳ ಏಳು ಸಂಸ್ಥೆಗಳಿಗೆ ಚಾಂಗ್‌ಎ-5ರ ಮಾದರಿಗಳನ್ನು ಎರವಲು ಕೊಡಲು ಒಪ್ಪಿತು. ಅವುಗಳಲ್ಲಿ ಎರಡು, ಬ್ರೌನ್ ಮತ್ತು ಸ್ಟೋನಿ ಬ್ರೂಕ್, ಅಮೆರಿಕದ ವಿಶ್ವವಿದ್ಯಾಲಯಗಳು.

ಕೊಟ್ಟವರು ಕೇಳುವವರಾಗಲು 47 ವರ್ಷ ಹಿಡಿಯಿತು. ದೇಶಗಳಿಗೆ ತಮ್ಮ ಭದ್ರತೆಯ ಚಿಂತೆ ಇರಬೇಕಾದದ್ದೇ. ಆದರೆ 1950ರ ಶಂಕೆಯಿಂದಾಗಲಿ 2011ರ ಕಾನೂನಿನಿಂದಾಗಲಿ ಚೀನಾದ ವಿದ್ಯೆ ಬತ್ತಲಿಲ್ಲ. ಒಟ್ಟಿಗೆ ಕುಳಿತು ಕಲಿಯಬಹುದಾಗಿದ್ದ ವರ್ಷಗಳು ಮಾತ್ರ ಎರಡೂ ಕಡೆಯವರ ಕೈತಪ್ಪಿದವು. ಇಷ್ಟೆಲ್ಲದರ ನಡುವೆ ಫಲ ಕೊಟ್ಟದ್ದು, ಯಾರೋ ಮನಸ್ಸು ಮಾಡಿ ಕೊಟ್ಟ ಕಡಲೆಕಾಳಿನಷ್ಟು ಕಲ್ಲು.