ಸೇನೆಯಿಲ್ಲದ ನಾಡಿನ ಹಿರಿಮೆ

ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದು ಎಂಬ ಗಾದೆಯನ್ನು ನಾವು ವ್ಯಕ್ತಿಗಳ ಕುರಿತು ಧಾರಾಳವಾಗಿ ಬಳಸುತ್ತೇವೆ. ರಾಷ್ಟ್ರಗಳ ವಿಷಯ ಬಂದಾಗ ಮಾತ್ರ ವಿಸ್ತಾರವಾದ ಭೂಮಿ, ತುಂಬಿದ ಬೊಕ್ಕಸ, ಬಲಾಢ್ಯ ಸೇನೆ ಇವುಗಳೇ ಹಿರಿಮೆಯ ಲಕ್ಷಣಗಳೆಂದು ನಂಬುತ್ತೇವೆ. ಆದರೆ ಬಲವೂ ಪ್ರಭಾವವೂ ಒಂದೇ ಅಲ್ಲ. ಬಲವು ಇನ್ನೊಬ್ಬನ ಕೈಯನ್ನು ಕಟ್ಟಬಲ್ಲದು. ಅವನ ಮನಸ್ಸನ್ನು ಒಲಿಸಬಲ್ಲದ್ದು ಪ್ರಭಾವ. ಈ ಭೇದವನ್ನು ಅರಿಯಲು ಮಧ್ಯ ಅಮೆರಿಕದ ಕೋಸ್ಟರಿಕಾ ದೇಶದ ಚರಿತ್ರೆಯನ್ನು ಅವಲೋಕಿಸುವುದು ಉಚಿತ. ಅದರ ವಿಸ್ತೀರ್ಣ ಸುಮಾರು 51,000 ಚದರ ಕಿಲೋಮೀಟರ್. ನಮ್ಮ ಕರ್ನಾಟಕದ ಕಾಲು ಭಾಗಕ್ಕಿಂತ ತುಸು ಹೆಚ್ಚು. ಜನಸಂಖ್ಯೆ 50 ಲಕ್ಷದ ಆಸುಪಾಸು.

ಈ ನಾಡು 1869ರಲ್ಲಿಯೇ ಪ್ರಾಥಮಿಕ ಶಿಕ್ಷಣವನ್ನು ಉಚಿತ ಹಾಗೂ ಕಡ್ಡಾಯಗೊಳಿಸಿತು. 1940ರಲ್ಲಿ ಅಧ್ಯಕ್ಷರಾದ ವೈದ್ಯ ರಫಾಯೆಲ್ ಆಂಗೆಲ್ ಕಾಲ್ದೆರೋನ್ ಗ್ವಾರ್ದಿಯಾ ಅವರು ಬೆಲ್ಜಿಯಂನಲ್ಲಿ ವ್ಯಾಸಂಗ ಮಾಡುತ್ತಿದ್ದಾಗ ಪವಿತ್ರಸಭೆಯ ಸಾಮಾಜಿಕ ಬೋಧನೆಯಿಂದ ಪ್ರಭಾವಿತರಾಗಿದ್ದರು. 1941ರಲ್ಲಿ ಸಾಮಾಜಿಕ ವಿಮಾ ವ್ಯವಸ್ಥೆಯೂ 1943ರಲ್ಲಿ ಕಾರ್ಮಿಕ ಸಂಹಿತೆಯೂ ಜಾರಿಗೆ ಬಂದವು. ಇದಕ್ಕೆ ಮಹಾಧರ್ಮಾಧ್ಯಕ್ಷ ವಿಕ್ತೋರ್ ಸನಾಬ್ರಿಯಾ ಅವರ ಬೆಂಬಲವಿತ್ತು. ಕಮ್ಯುನಿಸ್ಟ್ ನಾಯಕ ಮಾನ್ವೆಲ್ ಮೋರಾ ಅವರ ಸಹಕಾರವೂ ಇತ್ತು. ಬಡವನ ಕಾಯಿಲೆಗೆ ಮದ್ದು ಸಿಗಬೇಕು, ದುಡಿದವನಿಗೆ ನ್ಯಾಯವಾದ ಕೂಲಿ ಸಿಗಬೇಕು ಎಂಬಲ್ಲಿ ಈ ಮೂವರೂ ಒಂದಾದರು.

ಆದರೆ 1948ರ ಚುನಾವಣಾ ವಿವಾದವು ಅಂತರ್ಯುದ್ಧಕ್ಕೆ ಎಡೆಮಾಡಿತು. 44 ದಿನಗಳ ಆ ಕದನದಲ್ಲಿ ಸುಮಾರು 2,000 ಮಂದಿ ಮಡಿದರು. ಗೆದ್ದವರು ಕಾಲ್ದೆರೋನ್ ಅವರ ಎದುರಾಳಿ ಹೊಸೆ ಫಿಗೆರೆಸ್. ಗೆದ್ದವನು ಸೇನೆಯನ್ನು ಬಲಪಡಿಸುವುದು ಲೋಕರೂಢಿ. ಫಿಗೆರೆಸ್ ಹಾಗೆ ಮಾಡಲಿಲ್ಲ. 1948ರ ಡಿಸೆಂಬರ್ 1ರಂದು ರಾಜಧಾನಿ ಸಾನ್ ಹೊಸೆಯ ಬೆಲ್ಯವಿಸ್ತಾ ಕೋಟೆಯ ಗೋಡೆಗೆ ಸುತ್ತಿಗೆಯಿಂದ ಹೊಡೆದು, ಸೇನೆಯನ್ನು ವಿಸರ್ಜಿಸಿದರು. ಆ ಕೋಟೆ ಇಂದು ರಾಷ್ಟ್ರೀಯ ವಸ್ತುಸಂಗ್ರಹಾಲಯ. 1949ರ ಸಂವಿಧಾನದ 12ನೆಯ ವಿಧಿಯು ಕಾಯಂ ಸೇನೆಯನ್ನು ನಿಷೇಧಿಸಿತು. ಫಿಗೆರೆಸ್ ಕಮ್ಯುನಿಸ್ಟ್ ಪಕ್ಷವನ್ನು ನಿಷೇಧಿಸಿದ್ದೂ, ಕಾಲ್ದೆರೋನ್ ದೇಶಭ್ರಷ್ಟರಾದದ್ದೂ ನಿಜ. ಆದರೆ ಸೋತವರು ರಚಿಸಿದ್ದ ಜನಹಿತದ ಶಾಸನಗಳನ್ನು ಗೆದ್ದವರು ಅಳಿಸಲಿಲ್ಲ. ಅದು ಸಾಮಾನ್ಯ ಔದಾರ್ಯವಲ್ಲ.

ಸೇನೆಯಿಲ್ಲದ ದೇಶವು ಬಾಗಿಲಿಲ್ಲದ ಮನೆಯಲ್ಲವೇ ಎಂದು ಯಾರೂ ಕೇಳಬಹುದು. ಪರೀಕ್ಷೆಗೆ ಹೆಚ್ಚು ದಿನ ಕಾಯಬೇಕಾಗಲಿಲ್ಲ. ಅದೇ ಡಿಸೆಂಬರಿನಲ್ಲಿ, ಮತ್ತೆ 1955ರಲ್ಲಿ, ನಿಕರಾಗುವಾ ಕಡೆಯಿಂದ ಸಶಸ್ತ್ರ ಪಡೆಗಳು ಗಡಿ ದಾಟಿದವು. ಎರಡು ಸಲವೂ ಕೋಸ್ಟರಿಕಾ ಅಮೆರಿಕ ಖಂಡದ ರಾಷ್ಟ್ರಗಳ ಸಂಘಟನೆಯ ಮೊರೆಹೊಕ್ಕಿತು. ಸಂಘಟನೆಯ ಮಧ್ಯಪ್ರವೇಶವು ಅದನ್ನು ಕಾಪಾಡಿತು. ಆಯುಧವಿಲ್ಲದವನಿಗೆ ಕಾನೂನೇ ಕೋಟೆ. ಆದ್ದರಿಂದ ಅಂತಾರಾಷ್ಟ್ರೀಯ ಕಾನೂನನ್ನು ಬಲಪಡಿಸುವುದು ಆ ದೇಶಕ್ಕೆ ಕೇವಲ ಆದರ್ಶವಲ್ಲ, ಉಳಿವಿನ ಮಾರ್ಗ. ಅಮೆರಿಕ ಖಂಡದ ಮಾನವ ಹಕ್ಕುಗಳ ನ್ಯಾಯಾಲಯ 1979ರಿಂದ ಸಾನ್ ಹೊಸೆಯಲ್ಲಿದೆ. 1980ರಲ್ಲಿ ವಿಶ್ವಸಂಸ್ಥೆಯ ಶಾಂತಿ ವಿಶ್ವವಿದ್ಯಾಲಯ ಅಲ್ಲಿ ಸ್ಥಾಪನೆಗೊಂಡಿತು. ನೆರೆಯ ದೇಶಗಳ ಅಂತರ್ಯುದ್ಧಗಳಿಗೆ ಸಂಧಾನದ ಹಾದಿ ತೋರಿದ ಅಧ್ಯಕ್ಷ ಓಸ್ಕರ್ ಆರಿಯಾಸ್ ಅವರಿಗೆ 1987ರಲ್ಲಿ ನೊಬೆಲ್ ಶಾಂತಿ ಪಾರಿತೋಷಕ ಸಂದಿತು.

ಹೊಸ ಚಿಂತನೆಯಲ್ಲಿಯೂ ಈ ನಾಡು ಹಿಂದೆ ಬೀಳಲಿಲ್ಲ. ದನಗಳ ಮೇವುಮಾಳಕ್ಕಾಗಿ ಕಾಡು ಕಡಿದು ಕಡಿದು, 1980ರ ದಶಕದ ವೇಳೆಗೆ ಅರಣ್ಯವು ಭೂಭಾಗದ ಕಾಲು ಪಾಲಿನ ಆಸುಪಾಸಿಗೆ ಕುಸಿದಿತ್ತು. 1996ರ ಅರಣ್ಯ ಕಾಯಿದೆ ಒಂದು ನೂತನ ವಿಚಾರವನ್ನು ಮುಂದಿಟ್ಟಿತು: ಮರ ನೀರನ್ನು ಕಾಯುತ್ತದೆ, ಗಾಳಿಯನ್ನು ಶುದ್ಧಗೊಳಿಸುತ್ತದೆ, ಜೀವಜಂತುಗಳಿಗೆ ಆಸರೆ ನೀಡುತ್ತದೆ, ಈ ಸೇವೆಗೆ ಕೂಲಿ ಸಲ್ಲಬೇಡವೇ? ಇಂಧನ ತೆರಿಗೆಯ ಒಂದಂಶವನ್ನು ಕಾಡು ಉಳಿಸುವ ಭೂಮಾಲೀಕರಿಗೆ ಸಂದಾಯ ಮಾಡುವ ಕ್ರಮ ಬಂತು. ಕಡಿಯುವುದಕ್ಕಿಂತ ಉಳಿಸುವುದು ರೈತನಿಗೂ ಲಾಭವೆನಿಸಿತು. ಇಂದು ದೇಶದ ಅರ್ಧಕ್ಕೂ ಮಿಕ್ಕಿದ ಭಾಗ ಹಸಿರಾಗಿದೆ. ವಿದ್ಯುತ್ತಿನ ಬಹುಪಾಲು ನೀರು, ಗಾಳಿ ಹಾಗೂ ಭೂಗರ್ಭದ ಶಾಖದಿಂದ ಬರುತ್ತದೆ. 2015ರಲ್ಲಿ ಪ್ಯಾರಿಸ್ ಹವಾಮಾನ ಒಪ್ಪಂದ ಏರ್ಪಟ್ಟಾಗ ವಿಶ್ವಸಂಸ್ಥೆಯ ಪರವಾಗಿ ಸಂಧಾನದ ಹೊಣೆ ಹೊತ್ತಿದ್ದವರು ಕ್ರಿಸ್ತಿಯಾನಾ ಫಿಗೆರೆಸ್. ಸೇನೆಯನ್ನು ವಿಸರ್ಜಿಸಿದ ಅದೇ ಫಿಗೆರೆಸರ ಪುತ್ರಿ.

ಹಾಗೆಂದು ಅದನ್ನು ಭೂಸ್ವರ್ಗವೆಂದು ಬಣ್ಣಿಸಲಾಗದು. ಮಾದಕದ್ರವ್ಯ ಸಾಗಾಟಗಾರರ ಹಾವಳಿಯಿಂದ 2023ರಲ್ಲಿ ಅಲ್ಲಿ 900ಕ್ಕೂ ಹೆಚ್ಚು ಕೊಲೆಗಳು ನಡೆದವು, ಅದು ದಾಖಲೆ. ರಾಷ್ಟ್ರೀಯ ಉತ್ಪನ್ನದ ಶೇಕಡಾ 8ರಷ್ಟನ್ನು ಶಿಕ್ಷಣಕ್ಕೆ ವಿನಿಯೋಗಿಸಬೇಕೆಂದು ಸಂವಿಧಾನವೇ ವಿಧಿಸಿದ್ದರೂ ವೆಚ್ಚ ಆ ಮಟ್ಟವನ್ನು ಮುಟ್ಟಿಲ್ಲ. ಹಿರಿಯರು ಗಳಿಸಿದ ಸದ್ಗುಣ ಪಿತ್ರಾರ್ಜಿತ ಆಸ್ತಿಯಂತೆ ತಾನಾಗಿ ಕೈಸೇರುವುದಿಲ್ಲ. ಪ್ರತಿ ಪೀಳಿಗೆಯೂ ಅದನ್ನು ಹೊಸದಾಗಿ ದುಡಿದು ಸಂಪಾದಿಸಬೇಕು.

ಪ್ರಿಯ ಓದುಗರೇ, ಸೇನೆ ಬೇಕೋ ಬೇಡವೋ ಎಂಬುದು ಆಯಾ ದೇಶದ ಪರಿಸ್ಥಿತಿಗೆ ಬಿಟ್ಟದ್ದು. ಆದರೆ ಭಯಕ್ಕೆಷ್ಟು, ಭವಿಷ್ಯಕ್ಕೆಷ್ಟು ಎಂಬ ಲೆಕ್ಕ ಪ್ರತಿ ಮನೆಯಲ್ಲಿಯೂ ನಡೆಯುತ್ತಿರುತ್ತದೆ. ಒಂದಡಿ ಗಡಿಗಾಗಿ ಅಣ್ಣತಮ್ಮಂದಿರು ವರ್ಷಗಟ್ಟಲೆ ನ್ಯಾಯಾಲಯದ ಮೆಟ್ಟಿಲು ಹತ್ತಿದಾಗ ಕರಗುವುದು ಮಕ್ಕಳ ಓದಿನ ಹಣವೇ. ಹೊಸ ಪಾಲನಾ ಮಂಡಳಿ ಬಂದೊಡನೆ ಹಳೆಯವರು ಆರಂಭಿಸಿದ ಒಳ್ಳೆಯ ಕೆಲಸ ನಿಂತುಹೋಗುವುದನ್ನೂ ನಾವು ಕಂಡಿದ್ದೇವೆ. ಎದುರಾಳಿಯ ಕೈಯಿಂದ ಆದ ಒಳಿತನ್ನು ಒಳಿತೆಂದೇ ಉಳಿಸಿಕೊಳ್ಳಲು ದೊಡ್ಡ ದೇಶ ಬೇಕಿಲ್ಲ, ದೊಡ್ಡ ಮನಸ್ಸು ಸಾಕು.