ವೇದಿಕೆಯಲ್ಲಿ ಸಿಗದ ಪಾಟೀಸವಾಲು

2014ರ ಫೆಬ್ರವರಿ 4ರ ರಾತ್ರಿ ಅಮೆರಿಕದ ಕೆಂಟಕಿ ರಾಜ್ಯದ ಪೀಟರ್ಸ್‌ಬರ್ಗ್‌ನಲ್ಲಿರುವ ‘ಕ್ರಿಯೇಷನ್ ಮ್ಯೂಸಿಯಂ’ನ ಸಭಾಂಗಣ ಕಿಕ್ಕಿರಿದಿತ್ತು. ಸುಮಾರು 900 ಆಸನಗಳ ಟಿಕೆಟ್ಟುಗಳು ಕೆಲವೇ ನಿಮಿಷಗಳಲ್ಲಿ ಖಾಲಿಯಾಗಿದ್ದವು. ಒಂದು ಕಡೆ ಆ ಮ್ಯೂಸಿಯಂ ಕಟ್ಟಿದ ಸಂಸ್ಥೆಯ ಮುಖ್ಯಸ್ಥ ಕೆನ್ ಹ್ಯಾಮ್. ಭೂಮಿಗೆ ವಯಸ್ಸು ಸುಮಾರು ಆರು ಸಾವಿರ ವರ್ಷವಷ್ಟೇ, ಬೈಬಲ್ಲಿನ ಸೃಷ್ಟಿಯ ಕಥೆ ಅಕ್ಷರಶಃ ನಡೆದ ಇತಿಹಾಸ ಎಂದು ನಂಬಿದವರು. ಇನ್ನೊಂದು ಕಡೆ ಬಿಲ್ ನೈ. ಬೋಯಿಂಗ್ ಕಂಪನಿಯಲ್ಲಿ ಎಂಜಿನಿಯರ್ ಆಗಿದ್ದು, ಆಮೇಲೆ ಟಿವಿಯಲ್ಲಿ ಮಕ್ಕಳಿಗೆ ವಿಜ್ಞಾನ ಹೇಳಿಕೊಟ್ಟು ಮನೆಮಾತಾದವರು. ಎರಡೂವರೆ ಗಂಟೆಯ ಆ ವಾದವನ್ನು ಯೂಟ್ಯೂಬಿನಲ್ಲಿ ಪೂರ್ತಿ ನೋಡಿದ್ದೇನೆ. ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಮಾಡಿ ನಿವೃತ್ತನಾದ ನನಗೆ ಅದನ್ನು ಅರ್ಧಕ್ಕೆ ಬಿಟ್ಟೇಳಲು ಆಗಲಿಲ್ಲ.

ನೈ ಚೆನ್ನಾಗಿಯೇ ಮಾತಾಡಿದರು. ಈ ಕಟ್ಟಡದ ತಳದಲ್ಲೇ ಪಳೆಯುಳಿಕೆ ತುಂಬಿದ ಸುಣ್ಣಕಲ್ಲಿನ ಪದರಗಳಿವೆ ಎಂದರು. ಹಿಮಗಡ್ಡೆ ಕೊರೆದು ತೆಗೆದ ಕಂಬಗಳಲ್ಲಿ 6,80,000 ಪದರಗಳು ಸಿಕ್ಕಿವೆ, ಒಂದೊಂದು ಪದರವೂ ಒಂದೊಂದು ವರ್ಷದ್ದು ಎಂದರು. ಲೆಕ್ಕ ಹಾಕಿ ನೋಡಿ. ಭೂಮಿ ಹುಟ್ಟಿ ಆರು ಸಾವಿರ ವರ್ಷವೇ ಆಗಿದ್ದರೆ ವರ್ಷಕ್ಕೆ ನೂರಕ್ಕೂ ಹೆಚ್ಚು ಸಲ ಚಳಿಗಾಲ ಬಂದುಹೋಗಿರಬೇಕು. ಹ್ಯಾಮ್ ಈ ಲೆಕ್ಕಕ್ಕೆ ಸಿಕ್ಕಿಕೊಳ್ಳಲೇ ಇಲ್ಲ. ಕಣ್ಣೆದುರು ಪರೀಕ್ಷಿಸುವ ವಿಜ್ಞಾನವೇ ಬೇರೆ, ಹಿಂದೆ ನಡೆದದ್ದನ್ನು ಹೇಳುವ ವಿಜ್ಞಾನವೇ ಬೇರೆ, ಆಗ ನೋಡಿದವರು ಯಾರೂ ಇಲ್ಲವಲ್ಲ ಎಂಬುದು ಅವರ ಪಟ್ಟು. ಎಂಆರ್‌ಐ ಯಂತ್ರದ ಆದಿಯಲ್ಲಿ ದುಡಿದ ರೇಮಂಡ್ ಡಮಾಡಿಯನ್ ಕೂಡ ಸೃಷ್ಟಿವಾದಿ ಎಂದು ವಿಡಿಯೋ ತೋರಿಸಿದರು. ನಿಮ್ಮ ಮನಸ್ಸು ಬದಲಾಗಬೇಕಾದರೆ ಏನು ಬೇಕು ಎಂದು ಸಭಿಕರಿಂದ ಪ್ರಶ್ನೆ ಬಂದಾಗ, ದೇವರ ವಾಕ್ಯ ಸುಳ್ಳೆಂದು ನನಗೆ ಯಾರೂ ಮನವರಿಕೆ ಮಾಡಲಾರರು ಎಂಬರ್ಥದಲ್ಲಿ ಹ್ಯಾಮ್ ಉತ್ತರಿಸಿದರು. ನೈ ಹೇಳಿದ್ದು ಇಷ್ಟೇ: ಸಾಕ್ಷ್ಯ.

ವಾದದ ಮಟ್ಟಿಗೆ ನೈ ಗೆದ್ದರೆಂದೇ ನನ್ನ ಎಣಿಕೆ. ಆದರೆ ಅದೇ ತಿಂಗಳ ಕೊನೆಗೆ ಹ್ಯಾಮ್ ಒಂದು ಸುದ್ದಿ ಹೊರಡಿಸಿದರು. ನೋಹನ ನಾವೆಯನ್ನು ಪೂರ್ಣಗಾತ್ರದಲ್ಲಿ ಕಟ್ಟುವ ಯೋಜನೆಗೆ ಬಾಂಡ್‌ಗಳ ಮೂಲಕ ಬೇಕಾದ ಹಣ ಕೂಡಿತ್ತು. ಆ ವಾದದಿಂದ ಬೆಂಬಲ ಹೆಚ್ಚಿತು ಎಂದು ಅವರೇ ಹೇಳಿಕೊಂಡರು. 2016ರ ಜುಲೈನಲ್ಲಿ ಕೆಂಟಕಿಯ ವಿಲಿಯಮ್ಸ್‌ಟೌನ್‌ನಲ್ಲಿ 510 ಅಡಿ ಉದ್ದದ ಆ ಮರದ ನಾವೆ ಪ್ರವಾಸಿಗರಿಗೆ ತೆರೆದುಕೊಂಡಿತು. ವಿಜ್ಞಾನಿಗಳು ಸೃಷ್ಟಿವಾದಿಗಳ ಜೊತೆ ವೇದಿಕೆ ಹತ್ತಬಾರದು ಎಂದು ನಾನು ಗಟ್ಟಿಯಾಗಿ ನಂಬುವುದಕ್ಕೆ ಇದೊಂದು ಕಾರಣ. ಇದಕ್ಕಿಂತ ದೊಡ್ಡ ಕಾರಣವೂ ಇದೆ.

ಡುವೇನ್ ಗಿಶ್ ಎಂಬ ಸೃಷ್ಟಿವಾದಿ ಅಮೆರಿಕದ ಕಾಲೇಜುಗಳಲ್ಲಿ ನೂರಾರು ಇಂಥ ವಾದಗಳನ್ನು ಮಾಡಿದವರು. ಬರ್ಕ್‌ಲಿಯಲ್ಲಿ ಜೀವರಸಾಯನಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದಿದ್ದ ಅವರು ಮಾತಿನಲ್ಲಿ ಮಹಾ ಚುರುಕು. ಒಂದರ ಬೆನ್ನಿಗೊಂದು ಆಕ್ಷೇಪ ಎಸೆಯುತ್ತ ಹೋಗುತ್ತಿದ್ದರು. ಈ ವರಸೆಗೆ ಯೂಜಿನಿ ಸ್ಕಾಟ್ ಎಂಬ ಮಾನವಶಾಸ್ತ್ರಜ್ಞೆ 1994ರಲ್ಲಿ ‘ಗಿಶ್ ಗ್ಯಾಲಪ್’, ಅಂದರೆ ಗಿಶ್ ನಾಗಾಲೋಟ ಎಂದು ಹೆಸರಿಟ್ಟರು. ಗಿಶ್ ಹೇಳುತ್ತಿದ್ದ ಬಾಂಬಾರ್ಡಿಯರ್ ಜೀರುಂಡೆಯ ಕಥೆಯನ್ನೇ ತೆಗೆದುಕೊಳ್ಳಿ. ಶತ್ರು ಹತ್ತಿರ ಬಂದರೆ ಈ ಜೀರುಂಡೆ ಹಿಂಬದಿಯಿಂದ ಕುದಿಯುವ ದ್ರವವನ್ನು ಚಿಮ್ಮಿಸುತ್ತದೆ. ಅದರೊಳಗಿನ ಹೈಡ್ರೋಜನ್ ಪೆರಾಕ್ಸೈಡ್, ಹೈಡ್ರೋಕ್ವಿನೋನ್ ಎರಡೂ ಬೆರೆತರೆ ಸಾಕು, ಸ್ಫೋಟವಾಗುತ್ತದೆ ಎನ್ನುತ್ತಿದ್ದರು. ಇಂಥ ಜೀವಿ ಹಂತಹಂತವಾಗಿ ವಿಕಾಸವಾಗಲು ಹೊರಟಿದ್ದರೆ ನಡುದಾರಿಯಲ್ಲೇ ಸಿಡಿದು ಸಾಯುತ್ತಿತ್ತು ಎಂಬುದು ವಾದ. ಕೇಳಲು ಸೊಗಸಾಗಿದೆ, ಹೇಳಲು ಒಂದು ನಿಮಿಷ ಸಾಕು.

1978ರಲ್ಲಿ ಸ್ಯಾನ್ ಡಿಯಾಗೋದಲ್ಲಿ ವಿಲಿಯಂ ಥ್ವೇಟ್ಸ್ ಮತ್ತು ಫ್ರಾಂಕ್ ಆಬ್ರಿ ಎಂಬ ಇಬ್ಬರು ಜೀವಶಾಸ್ತ್ರಜ್ಞರು ಸಭೆಯಲ್ಲೇ ಆ ಎರಡು ರಾಸಾಯನಿಕಗಳನ್ನು ಬೆರೆಸಿ ತೋರಿಸಿದರು. ಮಿಶ್ರಣ ಕಂದುಬಣ್ಣಕ್ಕೆ ತಿರುಗಿತು. ಸಿಡಿಯಲಿಲ್ಲ. ಸಿಡಿಯಬೇಕಾದರೆ ಕಿಣ್ವಗಳು ಬೇಕು. ಜೀರುಂಡೆಯ ದೇಹದಲ್ಲಿ ಅವು ಇರುವುದು ಬೇರೆಯದೇ ಕೋಣೆಯಲ್ಲಿ. ಎಂಥ ಸೊಗಸಾದ ಉತ್ತರ! ಆದರೆ ಆ ಇಬ್ಬರು ಮೂಲ ಸಂಶೋಧನೆ ಹುಡುಕಿ ಓದಬೇಕಾಯಿತು, ರಾಸಾಯನಿಕ ಹೊತ್ತು ತರಬೇಕಾಯಿತು. ಅದೂ ಒಂದೇ ಒಂದು ಆಕ್ಷೇಪಕ್ಕೆ. ನಾಗಾಲೋಟದಲ್ಲಿ ಬರುವ ಇನ್ನೆಷ್ಟೋ ಆಕ್ಷೇಪಗಳಿಗೆ ವೇದಿಕೆಯ ಗಂಟೆ ಬಾರಿಸುವುದರೊಳಗೆ ಯಾರು ಉತ್ತರಿಸಿಯಾರು? ಶಾಲಾ ಚರ್ಚಾಸ್ಪರ್ಧೆಗಳಲ್ಲಿ ತೀರ್ಪುಗಾರನಾಗಿ ಕೂತು ನನಗೆ ಗೊತ್ತು: ಉತ್ತರ ಸಿಗದ ಪ್ರಶ್ನೆಯ ಅಂಕ ಪ್ರಶ್ನೆ ಎಸೆದವರಿಗೇ ಹೋಗುತ್ತದೆ.

ವಿಕಾಸವಿಜ್ಞಾನಿ ಸ್ಟೀಫನ್ ಜೇ ಗೌಲ್ಡ್ ಇಂಥ ವಾದಕ್ಕೆ ಹೋಗಬೇಡಿ ಎಂದು ಇನ್ನೊಬ್ಬ ವಿಕಾಸವಿಜ್ಞಾನಿ ರಿಚರ್ಡ್ ಡಾಕಿನ್ಸ್‌ಗೆ ಸಲಹೆ ಕೊಟ್ಟಿದ್ದರು, ಡಾಕಿನ್ಸ್ ಅದನ್ನು ಪಾಲಿಸಿದರು. ಹಾಗಾದರೆ ವಿಜ್ಞಾನಿಗಳು ಹೆದರಿ ಓಡಿದರು ಎಂದು ಜನ ಅಂದುಕೊಳ್ಳುವುದಿಲ್ಲವೆ? ಈ ಪ್ರಶ್ನೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಅದಕ್ಕೆ ಉತ್ತರ ಡೋವರ್‌ನಲ್ಲಿದೆ.

ಪೆನ್ಸಿಲ್ವೇನಿಯಾದ ಡೋವರ್ ಊರಿನ ಶಾಲಾ ಮಂಡಳಿ 2004ರಲ್ಲಿ ಒಂದು ಠರಾವು ಮಾಡಿತು. ಒಂಬತ್ತನೇ ತರಗತಿಯ ಜೀವಶಾಸ್ತ್ರ ಪಾಠಕ್ಕೆ ಮೊದಲು, ಡಾರ್ವಿನ್ನನ ಸಿದ್ಧಾಂತದಲ್ಲಿ ಕೊರತೆಗಳಿವೆ, ‘ಇಂಟೆಲಿಜೆಂಟ್ ಡಿಸೈನ್’ (ಜೀವಿಗಳನ್ನು ಬುದ್ಧಿಯುಳ್ಳ ಶಕ್ತಿಯೊಂದು ರೂಪಿಸಿತು ಎಂಬ ವಾದ) ಎಂಬ ಬೇರೆ ವಿವರಣೆಯೂ ಇದೆ ಎಂಬ ಹೇಳಿಕೆಯನ್ನು ಓದಬೇಕು. ಆ ಶಾಲೆಯ ಜೀವಶಾಸ್ತ್ರ ಶಿಕ್ಷಕರು ಓದುವುದಿಲ್ಲ ಎಂದುಬಿಟ್ಟರು. ನನ್ನ ವೃತ್ತಿಯವರ ಈ ದಿಟ್ಟತನ ನೆನೆದಾಗಲೆಲ್ಲ ಹೆಮ್ಮೆಯೆನಿಸುತ್ತದೆ. ಕೊನೆಗೆ ಆಡಳಿತದವರೇ ಬಂದು ಓದಿದರು. 11 ಪೋಷಕರು ಕೋರ್ಟಿಗೆ ಹೋದರು.

ಅಲ್ಲಿ ವಿಜ್ಞಾನಿಗಳು ಹಿಂಜರಿಯಲಿಲ್ಲ, ಕಟಕಟೆ ಹತ್ತಿದರು. ಕೋರ್ಟಿನಲ್ಲಿ ನಾಗಾಲೋಟ ನಡೆಯುವುದಿಲ್ಲ. ಹೇಳಿದ ಒಂದೊಂದು ಮಾತಿಗೂ ಪಾಟೀಸವಾಲಿದೆ, ದಾಖಲೆ ಹಾಜರುಪಡಿಸಬೇಕು, ಉತ್ತರ ಕೊಡದೆ ಮುಂದಿನ ವಿಷಯಕ್ಕೆ ಜಿಗಿಯುವಂತಿಲ್ಲ. ದೇಹದ ರೋಗನಿರೋಧಕ ವ್ಯವಸ್ಥೆ ಹೇಗೆ ವಿಕಾಸವಾಯಿತೆಂಬುದಕ್ಕೆ ವಿಜ್ಞಾನದ ಬಳಿ ಉತ್ತರವಿಲ್ಲ ಎಂದಿದ್ದ, ಮಂಡಳಿಯ ಪರ ಸಾಕ್ಷಿ ಹೇಳಿದ ಜೀವರಸಾಯನಶಾಸ್ತ್ರಜ್ಞ ಮೈಕೆಲ್ ಬೀಹಿ ಅವರ ಮುಂದೆ ಪೋಷಕರ ವಕೀಲರು ಅದೇ ವಿಷಯದ 58 ಸಂಶೋಧನಾ ಪ್ರಬಂಧಗಳನ್ನೂ ಒಂಬತ್ತು ಪುಸ್ತಕಗಳನ್ನೂ ತಂದಿಟ್ಟರು. ವೈಜ್ಞಾನಿಕ ಸಿದ್ಧಾಂತಕ್ಕೆ ನೀವು ಕೊಡುವ ವ್ಯಾಖ್ಯೆಯಲ್ಲಿ ಜ್ಯೋತಿಷವೂ ಸೇರುತ್ತದೆಯೆ ಎಂದು ಕೇಳಿದಾಗ ಬೀಹಿ ಒಪ್ಪಬೇಕಾಯಿತು. ಮಂಡಳಿ ಶಿಫಾರಸು ಮಾಡಿದ್ದ ಪುಸ್ತಕದ ಹಳೆಯ ಕರಡುಗಳನ್ನೂ ತರಿಸಿ ನೋಡಲಾಯಿತು. ಸೃಷ್ಟಿವಾದವನ್ನು ಸರ್ಕಾರಿ ಶಾಲೆಯಲ್ಲಿ ಕಲಿಸುವಂತಿಲ್ಲ ಎಂದು 1987ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ, ಕರಡಿನಲ್ಲಿ ‘ಕ್ರಿಯೇಷನಿಸ್ಟ್ಸ್’ ಎಂದಿದ್ದ ಕಡೆಯೆಲ್ಲ ‘ಡಿಸೈನ್ ಪ್ರೊಪೊನೆಂಟ್ಸ್’ ಎಂದು ತಿದ್ದಿದ್ದರು. ಒಂದು ಕಡೆ ಹಳೆಯ ಪದ ಪೂರ್ತಿ ಅಳಿಸದೆ, ಅದರ ತಲೆಯೂ ಬಾಲವೂ ಉಳಿದು, ಹೊಸ ಪದ ನಡುವೆ ಸಿಕ್ಕಿಕೊಂಡಿತ್ತು. 2005ರ ಡಿಸೆಂಬರ್ 20ರಂದು ನ್ಯಾಯಾಧೀಶ ಜಾನ್ ಜೋನ್ಸ್ 139 ಪುಟಗಳ ತೀರ್ಪು ಕೊಟ್ಟರು: ಇಂಟೆಲಿಜೆಂಟ್ ಡಿಸೈನ್ ವಿಜ್ಞಾನವಲ್ಲ. ಅವರನ್ನು ಆ ಹುದ್ದೆಗೆ ನೇಮಿಸಿದ್ದವರು ಅಧ್ಯಕ್ಷ ಜಾರ್ಜ್ ಡಬ್ಲ್ಯು. ಬುಷ್ ಎಂಬುದನ್ನೂ ಹೇಳಬೇಕು.

ನಮ್ಮಲ್ಲೂ 2018ರ ಜನವರಿಯಲ್ಲಿ ಕೇಂದ್ರದ ರಾಜ್ಯ ಸಚಿವ ಸತ್ಯಪಾಲ್ ಸಿಂಗ್, ಮಂಗ ಮನುಷ್ಯನಾದದ್ದನ್ನು ಯಾರೂ ನೋಡಿಲ್ಲ, ಡಾರ್ವಿನ್ ತಪ್ಪು ಎಂದಿದ್ದರು. ಈ ಬಗ್ಗೆ ಅಂತರರಾಷ್ಟ್ರೀಯ ಸಮ್ಮೇಳನ ನಡೆಸುವ ಮಾತನ್ನೂ ಆಡಿದ್ದರು. ಸಿ.ವಿ. ರಾಮನ್ ಬೆಂಗಳೂರಿನಲ್ಲಿ ಸ್ಥಾಪಿಸಿದ ವಿಜ್ಞಾನ ಅಕಾಡೆಮಿಯೂ ಸೇರಿ ದೇಶದ ಮೂರು ಅಕಾಡೆಮಿಗಳು ಜಂಟಿ ಹೇಳಿಕೆ ಕೊಟ್ಟು, ವಿಕಾಸದ ಮೂಲ ಸಂಗತಿಗಳ ಬಗ್ಗೆ ವಿಜ್ಞಾನದಲ್ಲಿ ವಿವಾದವೇ ಇಲ್ಲ ಎಂದವು. ಸಂಪುಟ ಸಚಿವ ಪ್ರಕಾಶ್ ಜಾವಡೇಕರ್ ಸಮ್ಮೇಳನ ಬೇಡ ಎಂದರು. ಸರಿಯಾದ ಕೆಲಸವೇ. ಆದರೆ 2023ರಲ್ಲಿ ಎನ್‌ಸಿಇಆರ್‌ಟಿಯ ಹತ್ತನೇ ತರಗತಿ ಪುಸ್ತಕದಿಂದ ವಿಕಾಸದ ಭಾಗವೇ ಹೋಯಿತು. 1,800ಕ್ಕೂ ಹೆಚ್ಚು ವಿಜ್ಞಾನಿಗಳು, ಶಿಕ್ಷಕರು ಸಹಿ ಹಾಕಿದ ಪತ್ರವೂ ಅದನ್ನು ತಡೆಯಲಿಲ್ಲ.

ವಿಜ್ಞಾನಿಗಳು ಹೋಗಬೇಕಾದ ಜಾಗ ಯಾವುದೆಂದು ನನಗೆ ಆಗ ಇನ್ನಷ್ಟು ಸ್ಪಷ್ಟವಾಯಿತು. “ಸರ್, ಮಂಗನಿಂದ ಮನುಷ್ಯ ಬಂದಿದ್ರೆ ಮಂಗ ಇನ್ನೂ ಯಾಕಿದೆ?” ಎಂದು ಕೇಳುವ ಹುಡುಗ ನನ್ನ ತರಗತಿಯಲ್ಲಿ ಪ್ರತಿವರ್ಷವೂ ಇರುತ್ತಿದ್ದ. ನೀನು ನಿನ್ನ ಚಿಕ್ಕಪ್ಪನ ಮಗನಿಂದ ಹುಟ್ಟಲಿಲ್ಲ, ಇಬ್ಬರಿಗೂ ಅಜ್ಜ ಒಬ್ಬನೇ ಎಂದು ಶುರುಮಾಡುತ್ತಿದ್ದೆ. ಬೋರ್ಡಿನ ಮೇಲೆ ಕವಲು ಬಿಡಿಸಿ, ಚಿಂಪಾಂಜಿಗೆ 24 ಜೊತೆ, ನಮಗೆ 23 ಜೊತೆ ವರ್ಣತಂತುಗಳು ಯಾಕೆ, ನಮ್ಮ ಎರಡನೇ ವರ್ಣತಂತುವಿನಲ್ಲಿ ಎರಡು ತುದಿಗಳು ಬೆಸೆದ ಗುರುತು ಹೇಗಿದೆ ಎಂದು ಹೇಳುವಷ್ಟರಲ್ಲಿ ಪೀರಿಯಡ್ಡೇ ಮುಗಿಯುತ್ತಿತ್ತು. ಆ ಹುಡುಗ ಗೆಲ್ಲಲು ಬಂದವನಲ್ಲ, ತಿಳಿಯಲು ಕೇಳಿದವನು. ಸಂಶೋಧನಾ ಸಂಸ್ಥೆಗಳ ವಿಜ್ಞಾನಿಗಳು ತಾಲ್ಲೂಕು ಕೇಂದ್ರದ ಕಾಲೇಜಿಗೆ ಬಂದು, ಎದುರಾಳಿಯಿಲ್ಲದೆ, ಇಡೀ ಮಧ್ಯಾಹ್ನ ಅವನ ಪ್ರಶ್ನೆಗಳಿಗೆ ಉತ್ತರಿಸುತ್ತ ಕೂರಲಿ.