೧೯೫೦ರ ದಶಕದಲ್ಲಿ ನ್ಯಾಮತಿ ಸೀಮೆಯ ಜನಜೀವನ

೧೯೫೦ರ ದಶಕದಲ್ಲಿ ನ್ಯಾಮತಿ ಸೀಮೆಯ ಜನಜೀವನ ಎಂಬ ಈ ಲೇಖನವು ಇಂದಿನ ದಾವಣಗೆರೆ ಜಿಲ್ಲೆಯ ನ್ಯಾಮತಿ, ಹೊನ್ನಾಳಿ, ಚನ್ನಗಿರಿ ಮತ್ತು ಸುತ್ತಲಿನ ಪ್ರದೇಶದ ಅಂದಿನ ನಾಣ್ಯ, ಅಳತೆ, ಬೆಲೆ, ಸುದ್ದಿ ಮತ್ತು ಮನರಂಜನೆಗಳನ್ನು ಕುರಿತದ್ದು. ಆ ಕಾಲದ ಬೆಲೆಗಳನ್ನು ಇಂದಿನ ರೂಪಾಯಿ, ಕಿಲೋಗ್ರಾಂಗಳಿಗೆ ನೇರವಾಗಿ ಹೋಲಿಸುವುದು ಸುಲಭವಲ್ಲ. ಅದೇ ದಶಕದಲ್ಲಿ ಬೆಲೆ ಎಣಿಸುವ ನಾಣ್ಯ ಬದಲಾಯಿತು, ಸರಕು ತೂಗುವ ಬಟ್ಟು ಬದಲಾಗತೊಡಗಿತು, ರಾಜ್ಯದ ಗಡಿಯೂ ಬದಲಾಯಿತು. ಈ ಮೂರು ಬದಲಾವಣೆಗಳು ಸಾಮಾನ್ಯ ಜನರ ಕೊಡು-ಕೊಳ್ಳುವಿಕೆಯನ್ನು ನೇರವಾಗಿ ಮುಟ್ಟಿದವು.

ಆಡಳಿತ ಹಿನ್ನೆಲೆ

ನ್ಯಾಮತಿಯು ಮಲೆನಾಡು ಮತ್ತು ಬಯಲುಸೀಮೆಗಳ ನಡುವಣ ಅರೆಮಲೆನಾಡಿನ ವ್ಯಾಪಾರದ ಊರು. ೧೯೫೦ರ ದಶಕದಲ್ಲಿ ಇದು ಶಿವಮೊಗ್ಗ ಜಿಲ್ಲೆಯ ಹೊನ್ನಾಳಿ ತಾಲ್ಲೂಕಿಗೆ ಸೇರಿತ್ತು. ಚನ್ನಗಿರಿಯೂ ಶಿವಮೊಗ್ಗ ಜಿಲ್ಲೆಯಲ್ಲಿತ್ತು. ಜಗಳೂರು ಚಿತ್ರದುರ್ಗ ಜಿಲ್ಲೆಯಲ್ಲಿತ್ತು. ೧೯೯೭ರಲ್ಲಿ ದಾವಣಗೆರೆ ಜಿಲ್ಲೆ ರಚನೆಯಾದಾಗ ಈ ತಾಲ್ಲೂಕುಗಳು ಅದಕ್ಕೆ ಸೇರಿದವು. ನ್ಯಾಮತಿ ಪ್ರತ್ಯೇಕ ತಾಲ್ಲೂಕಾದದ್ದು ಅದಕ್ಕೂ ಎರಡು ದಶಕಗಳ ಅನಂತರ.

ಹೊನ್ನಾಳಿ ತಾಲ್ಲೂಕು ಹಳೆಯ ಮೈಸೂರು ರಾಜ್ಯದ ಗಡಿಭಾಗವಾಗಿತ್ತು. ಅದಕ್ಕೆ ಹೊಂದಿಕೊಂಡ ಹಿರೇಕೆರೂರು ಮತ್ತು ರಾಣೆಬೆನ್ನೂರು ತಾಲ್ಲೂಕುಗಳು ಧಾರವಾಡ ಜಿಲ್ಲೆಯ ಭಾಗವಾಗಿ ಮುಂಬಯಿ ರಾಜ್ಯದಲ್ಲಿದ್ದವು. ಎರಡೂ ಕಡೆಯ ಜನ ಒಂದೇ ಭಾಷೆಯನ್ನು ಆಡುತ್ತಿದ್ದರೂ ಸರ್ಕಾರಗಳು ಬೇರೆಯಾಗಿದ್ದವು. ೧೯೫೬ರ ನವೆಂಬರ್ ೧ರಂದು ರಾಜ್ಯಗಳ ಪುನರ್ವಿಂಗಡಣೆಯಾಗಿ ವಿಶಾಲ ಮೈಸೂರು ರಾಜ್ಯ ಅಸ್ತಿತ್ವಕ್ಕೆ ಬಂದಾಗ ಈ ಗಡಿ ಅಳಿಯಿತು. ಅಲ್ಲಿಯವರೆಗೆ ರಾಜ್ಯದ ಅಂಚಿನಲ್ಲಿದ್ದ ಹೊನ್ನಾಳಿ ಸೀಮೆಯು ರಾಜ್ಯದ ನಡುಭಾಗಕ್ಕೆ ಸೇರಿತು.

ನಾಣ್ಯ ಪದ್ಧತಿ

೧೯೫೭ರವರೆಗೆ ಒಂದು ರೂಪಾಯಿಗೆ ೧೬ ಆಣೆ, ಒಂದು ಆಣೆಗೆ ೪ ಕಾಸು ಅಥವಾ ೧೨ ಪೈ ಎಂಬ ಲೆಕ್ಕವಿತ್ತು. ಅಂದರೆ ಒಂದು ರೂಪಾಯಿಗೆ ೬೪ ಕಾಸು, ೧೯೨ ಪೈ. ನಾಲ್ಕಾಣೆಯನ್ನು ಪಾವಲಿ ಎಂದೂ ಕರೆಯುತ್ತಿದ್ದರು. ಸ್ವತಂತ್ರ ಭಾರತದ ಸಿಂಹಲಾಂಛನವುಳ್ಳ ನಾಣ್ಯಗಳು ೧೯೫೦ರಲ್ಲಿ ಬಂದವು. ಅವುಗಳಲ್ಲಿ ಕಾಸಿನ ಮೇಲೆ ಕುದುರೆ, ಆಣೆಯ ನಾಣ್ಯಗಳ ಮೇಲೆ ಗೂಳಿ, ಪಾವಲಿಯಿಂದ ಮೇಲಿನ ನಾಣ್ಯಗಳ ಮೇಲೆ ತೆನೆಯ ಚಿತ್ರಗಳಿದ್ದವು. ಇವುಗಳ ಜೊತೆಯಲ್ಲಿ ಬ್ರಿಟಿಷರ ಕಾಲದ ನಾಣ್ಯಗಳೂ, ೧೯೪೩ರಿಂದ ೧೯೪೭ರವರೆಗೆ ಟಂಕಿಸಿದ ತೂತಿನ ಕಾಸೂ ಬಳಕೆಯಲ್ಲಿದ್ದವು.

೧೯೫೭ರ ಏಪ್ರಿಲ್ ೧ರಂದು ದಶಮಾಂಶ ಪದ್ಧತಿ ಜಾರಿಗೆ ಬಂದು, ಒಂದು ರೂಪಾಯಿಗೆ ೧೦೦ ನಯೇ ಪೈಸೆ ಎಂದಾಯಿತು. ಹಳೆಯ ನಾಣ್ಯಗಳು ಕೆಲವು ವರ್ಷ ಹೊಸದರ ಜೊತೆಗೇ ಚಲಾವಣೆಯಲ್ಲಿದ್ದವು. ನಾಲ್ಕಾಣೆ ೨೫ ಪೈಸೆಗೂ ಎಂಟಾಣೆ ೫೦ ಪೈಸೆಗೂ ಸರಿಹೊಂದಿದ್ದರಿಂದ ಅವುಗಳ ಬಗ್ಗೆ ಗೊಂದಲವಿರಲಿಲ್ಲ. ತೊಡಕಿದ್ದದ್ದು ಚಿಲ್ಲರೆಯಲ್ಲಿ. ಒಂದು ಆಣೆಯ ನಿಜವಾದ ಬೆಲೆ ೬.೨೫ ನಯೇ ಪೈಸೆ. ಭಾಗವಿಲ್ಲದ ಪೂರ್ಣಸಂಖ್ಯೆಗೆ ಹೊಂದಿಸಿದ ಪರಿವರ್ತನೆ ಹೀಗಿತ್ತು:

ಒಂದು ಕಾಸು (೩ ಪೈ) – ೨ ನಯೇ ಪೈಸೆ
ಅರ್ಧ ಆಣೆ (೬ ಪೈ) – ೩ ನಯೇ ಪೈಸೆ
ಮುಕ್ಕಾಲು ಆಣೆ (೯ ಪೈ) – ೫ ನಯೇ ಪೈಸೆ
ಒಂದು ಆಣೆ – ೬ ನಯೇ ಪೈಸೆ
ಎರಡು ಆಣೆ – ೧೨ ನಯೇ ಪೈಸೆ
ಮೂರು ಆಣೆ – ೧೯ ನಯೇ ಪೈಸೆ
ನಾಲ್ಕು ಆಣೆ – ೨೫ ನಯೇ ಪೈಸೆ

ಈ ಲೆಕ್ಕದಲ್ಲಿ ಒಂದು ಆಣೆಯ ಸರಕನ್ನು ಒಟ್ಟಿಗೆ ಕೊಂಡವನು ೬ ನಯೇ ಪೈಸೆ ಕೊಟ್ಟರೆ, ಅದೇ ಸರಕನ್ನು ಒಂದೊಂದು ಕಾಸಿನಂತೆ ನಾಲ್ಕು ಸಲ ಕೊಂಡವನು ೮ ನಯೇ ಪೈಸೆ ಕೊಡಬೇಕಾಗುತ್ತಿತ್ತು. ಎಲೆ-ಅಡಿಕೆ, ಬೀಡಿ, ಬೆಂಕಿಪೆಟ್ಟಿಗೆ, ಉಪ್ಪು, ಸೀಮೆಎಣ್ಣೆಗಳನ್ನು ಅಂದಂದಿಗೆ ಬೇಕಾದಷ್ಟೇ ಕೊಳ್ಳುವ ಕೂಲಿಕಾರ ಕುಟುಂಬಗಳಿಗೆ ಈ ಅಂತರ ಹೆಚ್ಚು ತಾಗುವಂಥದ್ದು; ತಿಂಗಳ ಸಾಮಾನನ್ನು ಒಮ್ಮೆಗೇ ಕೊಳ್ಳುವವರಿಗೆ ಅದು ಲೆಕ್ಕಕ್ಕೆ ಬಾರದಷ್ಟು ಚಿಕ್ಕದು. ೧೯೬೪ರಲ್ಲಿ 'ನಯೇ' ಎಂಬ ವಿಶೇಷಣವನ್ನು ಕೈಬಿಟ್ಟು ನಾಣ್ಯವನ್ನು ಪೈಸೆ ಎಂದಷ್ಟೇ ಕರೆಯಲಾಯಿತು. ಹಳೆಯ ಲೆಕ್ಕ 'ಹದಿನಾರಾಣೆ ನಿಜ', 'ನಾಲ್ಕಾಣೆ', 'ಎಂಟಾಣೆ' ಎಂಬ ಮಾತುಗಳಲ್ಲಿ ಮುಂದೆಯೂ ಉಳಿಯಿತು.

ತೂಕ ಮತ್ತು ಅಳತೆ

ಧಾನ್ಯವನ್ನು ಸಾಮಾನ್ಯವಾಗಿ ತೂಗುತ್ತಿರಲಿಲ್ಲ, ಅಳೆಯುತ್ತಿದ್ದರು. ಪಾವು, ಸೇರು, ಬಳ್ಳ, ಕೊಳಗ, ಖಂಡುಗಗಳು ರೂಢಿಯ ಅಳತೆಗಳು. ನಾಲ್ಕು ಪಾವಿಗೆ ಒಂದು ಸೇರು, ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ. ಕೊಳಗದ ಗಾತ್ರ ಊರಿಂದೂರಿಗೆ ಬೇರೆಯಾಗಿರುತ್ತಿತ್ತು. ಬೆಲ್ಲ, ಅಡಿಕೆ, ಬೆಣ್ಣೆ ಮುಂತಾದವನ್ನು ತೂಗುವಾಗ ಮೈಸೂರಿನ ಕಚ್ಚಾ ಸೇರು ೨೪ ತೊಲದ್ದು, ಅಂದರೆ ಸುಮಾರು ೨೮೦ ಗ್ರಾಂ. ಅಂಥ ೪೦ ಸೇರಿಗೆ ಒಂದು ಮಣ, ಅಂದರೆ ಸುಮಾರು ೧೧.೨ ಕಿಲೋಗ್ರಾಂ. ರೈಲ್ವೆ ಮತ್ತು ಕೇಂದ್ರ ಸರ್ಕಾರದ ಲೆಕ್ಕದ ಸೇರು ೮೦ ತೊಲದ್ದು, ಸುಮಾರು ೯೩೩ ಗ್ರಾಂ. ಆದ್ದರಿಂದ 'ಸೇರಿಗೆ ಇಷ್ಟು' ಎಂಬ ಅಂದಿನ ಬೆಲೆಯನ್ನು ಓದುವಾಗ ಅದು ಯಾವ ಸೇರು ಎಂಬುದು ಗೊತ್ತಿರಬೇಕಾಗುತ್ತದೆ.

ಅಳತೆಯ ಪ್ರಶ್ನೆ ಅನ್ನದ ಪ್ರಶ್ನೆಯೂ ಆಗಿತ್ತೆಂಬುದಕ್ಕೆ ಇದೇ ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನಲ್ಲಿ ೧೯೫೧ರಲ್ಲಿ ನಡೆದ ಕಾಗೋಡು ಸತ್ಯಾಗ್ರಹ ಪ್ರಮುಖ ಉದಾಹರಣೆ. ಗೇಣಿಯ ಭತ್ತವನ್ನು ಅಳೆಯುವ ಕೊಳಗ ನ್ಯಾಯವಾದ ಗಾತ್ರದ್ದಾಗಿರಬೇಕೆಂಬುದು ಅಲ್ಲಿನ ಗೇಣಿದಾರರ ಬೇಡಿಕೆಗಳಲ್ಲಿ ಒಂದು. ಎಚ್. ಗಣಪತಿಯಪ್ಪನವರು ಸಂಘಟಿಸಿದ ಈ ಹೋರಾಟವನ್ನು ಸಮಾಜವಾದಿ ಪಕ್ಷ ಬೆಂಬಲಿಸಿತು. ಶಾಂತವೇರಿ ಗೋಪಾಲಗೌಡರು ಇದರ ಮುಂದಾಳುಗಳಲ್ಲಿ ಒಬ್ಬರಾದರು. ರಾಮಮನೋಹರ ಲೋಹಿಯಾ ಅವರು ಕಾಗೋಡಿಗೆ ಬಂದು ಬಂಧನಕ್ಕೊಳಗಾದರು.

ಮೆಟ್ರಿಕ್ ಪದ್ಧತಿಯ ಕಾನೂನು ೧೯೫೬ರಲ್ಲಿ ಅಂಗೀಕಾರವಾಯಿತು. ೧೯೫೮ರ ಅಕ್ಟೋಬರ್‌ನಿಂದ ಆಯ್ದ ಪ್ರದೇಶಗಳಲ್ಲಿ ಹೊಸ ತೂಕಗಳು ಬಂದವು. ೧೯೬೨ರ ಏಪ್ರಿಲ್ ಹೊತ್ತಿಗೆ ಕಿಲೋಗ್ರಾಂ ದೇಶದಾದ್ಯಂತ ಕಡ್ಡಾಯವಾಯಿತು.

ಬೆಲೆಗಳು ಮತ್ತು ಪಡಿತರ

ಎರಡನೆಯ ಮಹಾಯುದ್ಧದ ಕಾಲದ ಆಹಾರ ನಿಯಂತ್ರಣವು ಸ್ವಾತಂತ್ರ್ಯಾನಂತರವೂ ಮುಂದುವರಿಯಿತು. ೧೯೪೭ರ ಕೊನೆಯಲ್ಲಿ ಅದನ್ನು ಸಡಿಲಿಸಿ, ಬೆಲೆಗಳು ಏರಿದ್ದರಿಂದ ೧೯೪೮ರಲ್ಲಿ ಮತ್ತೆ ಹೇರಲಾಯಿತು. ೧೯೫೦ರಲ್ಲಿ ಕೊರಿಯಾ ಯುದ್ಧ ಆರಂಭವಾದಾಗ ಬೆಲೆಗಳು ಮತ್ತೆ ಏರಿದವು. ೧೯೫೨ರಿಂದ ೧೯೫೪ರವರೆಗೆ ಕೇಂದ್ರದ ಆಹಾರ ಸಚಿವರಾಗಿದ್ದ ರಫಿ ಅಹಮದ್ ಕಿದ್ವಾಯಿ ಅವರ ಕಾಲದಲ್ಲಿ ನಿಯಂತ್ರಣವನ್ನು ಹಂತಹಂತವಾಗಿ ತೆಗೆಯಲಾಯಿತು. ಒಳ್ಳೆಯ ಬೆಳೆಯ ಕಾರಣದಿಂದ ಮೊದಲನೆಯ ಪಂಚವಾರ್ಷಿಕ ಯೋಜನೆಯ ಕೊನೆಗೆ ಸಗಟು ಬೆಲೆಗಳು ಆರಂಭದಲ್ಲಿದ್ದುದಕ್ಕಿಂತ ಕೆಳಗಿದ್ದವು. ಎರಡನೆಯ ಯೋಜನೆಯ ಐದು ವರ್ಷಗಳಲ್ಲಿ (೧೯೫೬–೬೧) ಅವು ಸುಮಾರು ಶೇಕಡ ೩೦ರಷ್ಟು ಏರಿದವು. ಹೀಗಾಗಿ ಇಡೀ ದಶಕ 'ಅಗ್ಗದ ಕಾಲ'ವಾಗಿತ್ತೆಂಬ ಮಾತು ಅರ್ಧಸತ್ಯ.

ದೇಶದೆಲ್ಲೆಡೆ ಒಂದೇ ಆಗಿದ್ದ ಬೆಲೆಗಳಿಗೆ ಅಂಚೆ ದರ ಉತ್ತಮ ಉದಾಹರಣೆ. ಅಂಚೆ ಕಾರ್ಡಿಗೆ ಮುಕ್ಕಾಲು ಆಣೆ ಇದ್ದದ್ದು ೧೯೫೭ರಲ್ಲಿ ೫ ನಯೇ ಪೈಸೆಯಾಯಿತು. ೧೯೫೦ರಲ್ಲಿ ಬಂದ ಒಳನಾಡು ಪತ್ರದ ಬೆಲೆ ಒಂದೂವರೆ ಆಣೆ. ಚಿನ್ನದ ಬೆಲೆ ೧೯೫೦ರಲ್ಲಿ ಹತ್ತು ಗ್ರಾಂಗೆ ಸುಮಾರು ೧೦೦ ರೂಪಾಯಿ, ೧೯೬೦ರಲ್ಲಿ ಸುಮಾರು ೧೧೨ ರೂಪಾಯಿ.

ಹಳ್ಳಿಗಳಲ್ಲಿ ಎಲ್ಲ ವ್ಯವಹಾರವೂ ಹಣದ ಮೂಲಕ ನಡೆಯುತ್ತಿರಲಿಲ್ಲ. ಬಡಗಿ, ಕಮ್ಮಾರ, ಕುಂಬಾರ, ಅಗಸ ಮೊದಲಾದ ಆಯಗಾರರಿಗೆ ಸುಗ್ಗಿಯಲ್ಲಿ ಕಣದಲ್ಲೇ ಆಯದ ಧಾನ್ಯ ಸಲ್ಲುತ್ತಿತ್ತು. ಕೂಲಿಯೂ ಹಲವೆಡೆ ಕಾಳಿನ ರೂಪದಲ್ಲಿತ್ತು. ಆಣೆ ಲೆಕ್ಕದ ಬೆಲೆ ಚಿಕ್ಕದಾಗಿ ಕಂಡರೂ ಆ ಆಣೆಯೇ ಕೈಗೆ ಸಿಗುವುದು ಅಪರೂಪವಾಗಿತ್ತು.

ದೈನಂದಿನ ಬದುಕು

ಜೋಳ, ರಾಗಿ, ಭತ್ತ ಮತ್ತು ಹತ್ತಿ ಈ ಸೀಮೆಯ ಮುಖ್ಯ ಬೆಳೆಗಳು. ಧಾನ್ಯವನ್ನು ಹಗೇವು ಮತ್ತು ಕಣಜಗಳಲ್ಲಿ ಕೂಡಿಡುತ್ತಿದ್ದರು. ನ್ಯಾಮತಿಗೆ ರೈಲುಮಾರ್ಗವಿರಲಿಲ್ಲ, ಸರಕು ಎತ್ತಿನ ಗಾಡಿ ಮತ್ತು ಲಾರಿಗಳಲ್ಲಿ ಸಾಗಬೇಕಿತ್ತು. ೧೯೪೮ರಲ್ಲಿ ಜೋಗದ ಜಲವಿದ್ಯುತ್ ಕೇಂದ್ರ ಕಾರ್ಯಾರಂಭ ಮಾಡಿದರೂ ಬಹುತೇಕ ಹಳ್ಳಿಮನೆಗಳ ಬೆಳಕು ಸೀಮೆಎಣ್ಣೆ ಬುಡ್ಡಿ ಮತ್ತು ಲಾಟೀನುಗಳದ್ದೇ ಆಗಿತ್ತು. ಗಾಜನೂರಿನ ತುಂಗಾ ಅಣೆಕಟ್ಟು ಮತ್ತು ಲಕ್ಕವಳ್ಳಿಯ ಭದ್ರಾ ಅಣೆಕಟ್ಟಿನ ಕಾಮಗಾರಿಗಳು ಈ ದಶಕದಲ್ಲಿ ನಡೆದವು. ಮುಂದೆ ಅವುಗಳ ನಾಲೆಗಳು ಹೊನ್ನಾಳಿ, ಚನ್ನಗಿರಿ ಭಾಗದ ಬೇಸಾಯವನ್ನು ಬದಲಿಸಿದವು.

ಮಲೆನಾಡಿನ ಅಂಚಿನ ಊರುಗಳಿಗೆ ಮಲೇರಿಯಾ ದೊಡ್ಡ ಪಿಡುಗಾಗಿತ್ತು. ೧೯೫೩ರಲ್ಲಿ ಆರಂಭವಾದ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮದಡಿ ಮನೆಗಳ ಗೋಡೆಗಳಿಗೆ ಡಿಡಿಟಿ ಸಿಂಪಡಿಸಲಾಯಿತು. ೧೯೫೭ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಹೊಸ ವೈರಾಣು ರೋಗವೊಂದು ಪತ್ತೆಯಾಯಿತು. ಜನ ಅದನ್ನು ಮಂಗನ ಕಾಯಿಲೆ ಎಂದು ಕರೆದರು.

ಸುದ್ದಿ ಮಾಧ್ಯಮ

೧೯೫೧ರ ಜನಗಣತಿಯ ವೇಳೆಗೆ ರಾಜ್ಯದಲ್ಲಿ ಅಕ್ಷರಸ್ಥರ ಪ್ರಮಾಣ ಕಾಲುಭಾಗಕ್ಕಿಂತ ಕಡಿಮೆಯಿತ್ತು. ಒಬ್ಬರು ಓದಿ ಹತ್ತು ಜನ ಕೇಳುವುದು ಪತ್ರಿಕೆಯ ಸಹಜ ಬಳಕೆಯಾಗಿತ್ತು. ಬೆಂಗಳೂರಿನಿಂದ 'ತಾಯಿನಾಡು' ಮತ್ತು ೧೯೪೮ರಲ್ಲಿ ಆರಂಭವಾದ 'ಪ್ರಜಾವಾಣಿ', ಹುಬ್ಬಳ್ಳಿಯಿಂದ 'ಸಂಯುಕ್ತ ಕರ್ನಾಟಕ' ಪ್ರಕಟವಾಗುತ್ತಿದ್ದವು. ರಾಶಿಯವರ ಹಾಸ್ಯಪತ್ರಿಕೆ 'ಕೊರವಂಜಿ', ಮಕ್ಕಳ 'ಚಂದಮಾಮ', ೧೯೫೬ರಲ್ಲಿ ಹೊರಬಂದ 'ಕಸ್ತೂರಿ' ಆ ಕಾಲದ ಜನಪ್ರಿಯ ಮಾಸಪತ್ರಿಕೆಗಳು.

ಆಕಾಶವಾಣಿಯ ಧಾರವಾಡ ಕೇಂದ್ರ ೧೯೫೦ರ ಜನವರಿಯಲ್ಲಿ, ಬೆಂಗಳೂರು ಕೇಂದ್ರ ೧೯೫೫ರ ನವೆಂಬರ್‌ನಲ್ಲಿ ಆರಂಭವಾದವು. ಜಿಲ್ಲೆಗೆ ಹತ್ತಿರದ ಭದ್ರಾವತಿ ಕೇಂದ್ರ ಬಂದದ್ದು ೧೯೬೫ರಲ್ಲಿ. ರೇಡಿಯೊ ಇಟ್ಟುಕೊಳ್ಳಲು ಅಂಚೆ ಕಚೇರಿಯಲ್ಲಿ ವಾರ್ಷಿಕ ಶುಲ್ಕ ಕಟ್ಟಿ ಪರವಾನಗಿ ಪಡೆಯಬೇಕಿತ್ತು.

೧೯೫೧–೫೨ರ ಮೊದಲ ಮಹಾಚುನಾವಣೆ, ೧೯೫೩ರಲ್ಲಿ ಬಳ್ಳಾರಿಯ ಸೇರ್ಪಡೆ, ೧೯೫೫ರಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರಿಗೆ ಭಾರತರತ್ನ, ಅದೇ ಜಿಲ್ಲೆಯವರಾದ ಕುವೆಂಪು ಅವರ 'ಶ್ರೀ ರಾಮಾಯಣ ದರ್ಶನಂ' ಕೃತಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ, ೧೯೫೬ರ ಕರ್ನಾಟಕ ಏಕೀಕರಣ ಇವು ದಶಕದ ದೊಡ್ಡ ಸುದ್ದಿಗಳು. ಮೊದಲ ಚುನಾವಣೆಯಲ್ಲಿ ಪ್ರತಿ ಅಭ್ಯರ್ಥಿಗೂ ಬೇರೆ ಬೇರೆ ಮತಪೆಟ್ಟಿಗೆಗಳಿದ್ದು, ಓದು ಬಾರದವರು ಅವುಗಳ ಮೇಲಿನ ಚಿಹ್ನೆ ನೋಡಿ ಮತ ಹಾಕಿದರು. ಕಾಂಗ್ರೆಸ್ಸಿನ ಚಿಹ್ನೆ ಜೋಡೆತ್ತು.

ಮನರಂಜನೆ

ಜಾತ್ರೆ, ದೊಡ್ಡಾಟ, ಭಜನೆ ಮತ್ತು ಕುಸ್ತಿಗಳು ಸುಗ್ಗಿಯ ಅನಂತರದ ಮುಖ್ಯ ಮನರಂಜನೆಗಳು. ಗುಬ್ಬಿ ವೀರಣ್ಣನವರ ಕಂಪನಿಯಂಥ ನಾಟಕ ಮಂಡಳಿಗಳು ಊರಿಂದೂರಿಗೆ ಸಂಚರಿಸುತ್ತಿದ್ದವು. ಸಿನಿಮಾ ಹಳ್ಳಿಗಾಡಿಗೆ ಟೂರಿಂಗ್ ಟಾಕೀಸಿನ ಡೇರೆಯ ಮೂಲಕ ಬಂತು. ಅಲ್ಲಿ ನೆಲ, ಬೆಂಚು, ಕುರ್ಚಿ ಎಂಬ ದರ್ಜೆಗಳಿದ್ದವು. 'ಜಗನ್ಮೋಹಿನಿ' (೧೯೫೧), ರಾಜ್‌ಕುಮಾರ್ ನಾಯಕರಾಗಿ ಪರಿಚಯವಾದ 'ಬೇಡರ ಕಣ್ಣಪ್ಪ' (೧೯೫೪), ಬಿ. ಆರ್. ಪಂತುಲು ಅವರ 'ಸ್ಕೂಲ್ ಮಾಸ್ಟರ್' (೧೯೫೮) ಈ ಕಾಲದ ಜನಪ್ರಿಯ ಕನ್ನಡ ಚಿತ್ರಗಳು.

೧೯೫೨ರ ಬಳಿಕ ಆಕಾಶವಾಣಿಯಲ್ಲಿ ಚಿತ್ರಗೀತೆಗಳು ಬಹುಮಟ್ಟಿಗೆ ನಿಂತುಹೋದವು. ಕೇಳುಗರು ರೇಡಿಯೊ ಸಿಲೋನ್ ಕಡೆಗೆ ತಿರುಗಿದರು. ೧೯೫೭ರ ಅಕ್ಟೋಬರ್‌ನಲ್ಲಿ ವಿವಿಧ ಭಾರತಿ ಆರಂಭವಾದ ಮೇಲೆ ಚಿತ್ರಗೀತೆಗಳು ಆಕಾಶವಾಣಿಗೆ ಮರಳಿದವು.

ಅಮೆರಿಕದೊಡನೆ ಹೋಲಿಕೆ

ಇದೇ ದಶಕವು ಅಮೆರಿಕದಲ್ಲಿ ದೂರದರ್ಶನದ ದಶಕ. ೧೯೫೦ರಲ್ಲಿ ಅಲ್ಲಿನ ಹತ್ತು ಮನೆಗಳಲ್ಲಿ ಒಂದರಲ್ಲೂ ಟಿ.ವಿ. ಇರಲಿಲ್ಲ, ೧೯೬೦ರ ಹೊತ್ತಿಗೆ ಹತ್ತರಲ್ಲಿ ಸುಮಾರು ಒಂಬತ್ತು ಮನೆಗಳಲ್ಲಿ ಇತ್ತು. ಭಾರತದಲ್ಲಿ ೧೯೫೯ರಲ್ಲಿ ದೆಹಲಿಯಲ್ಲಿ ಪ್ರಾಯೋಗಿಕ ಪ್ರಸಾರವಷ್ಟೇ ಆರಂಭವಾಯಿತು. ಬೆಂಗಳೂರಿಗೆ ದೂರದರ್ಶನ ಬಂದದ್ದು ೧೯೮೧ರಲ್ಲಿ. ಎರಡು ದೇಶಗಳ ಅಡುಗೆಮನೆಗಳನ್ನು ಜೋಡಿಸಿದ ಎಳೆಯೆಂದರೆ ಗೋಧಿ. ೧೯೫೧ರಲ್ಲಿ ಅಮೆರಿಕವು ಗೋಧಿ ಕೊಳ್ಳಲು ಭಾರತಕ್ಕೆ ೧೯ ಕೋಟಿ ಡಾಲರ್ ಸಾಲ ನೀಡಿತು. ೧೯೫೬ರ ಆಗಸ್ಟ್‌ನಲ್ಲಿ ಪಿ.ಎಲ್. ೪೮೦ ಒಪ್ಪಂದವಾಗಿ, ರೂಪಾಯಿಯಲ್ಲೇ ಬೆಲೆ ಕೊಟ್ಟು ಅಮೆರಿಕದ ಧಾನ್ಯ ಪಡೆಯುವ ವ್ಯವಸ್ಥೆ ಆರಂಭವಾಯಿತು.

ಅಂದಿನ ಬೆಲೆಗಳನ್ನು ಓದುವ ಬಗೆ

ಹಳೆಯ ಲೆಕ್ಕದ ಪುಸ್ತಕ, ಜಾಹೀರಾತು ಅಥವಾ ಹಿರಿಯರ ನೆನಪಿನಲ್ಲಿ ಸಿಗುವ ಬೆಲೆಯನ್ನು ಅರ್ಥ ಮಾಡಿಕೊಳ್ಳಲು ಮೂರು ಸಂಗತಿಗಳು ತಿಳಿದಿರಬೇಕು: ಅದು ೧೯೫೭ಕ್ಕೆ ಮೊದಲಿನ ಆಣೆಯದೋ ಅನಂತರದ ನಯೇ ಪೈಸೆಯದೋ, ಸೇರು ೨೪ ತೊಲದ್ದೋ ೮೦ ತೊಲದ್ದೋ, ಕೊಂಡವರ ದುಡಿಮೆಗೆ ಸಂದದ್ದು ಹಣವೋ ಧಾನ್ಯವೋ. ಉದಾಹರಣೆಗೆ, ಕಚ್ಚಾ ಸೇರಿಗೆ ನಾಲ್ಕಾಣೆ ಎಂದರೆ ಕಿಲೋಗ್ರಾಂಗೆ ಸುಮಾರು ೮೯ ಪೈಸೆ. ೮೦ ತೊಲದ ಸೇರಿಗೆ ನಾಲ್ಕಾಣೆ ಎಂದರೆ ಕಿಲೋಗ್ರಾಂಗೆ ಸುಮಾರು ೨೭ ಪೈಸೆ.